ಹಿರಿಯ ಜಟ್ಟಿ, ಏರುತ್ತಿರುವ ಹುಡುಗ: ಜಪಾನಿನ ಪ್ರೋ ರೆಸ್ಲಿಂಗ್ ಪಂದ್ಯ ನೋಡುವ ಬಗೆ

ಜಪಾನಿನ ಪ್ರೋ ರೆಸ್ಲಿಂಗ್‌ನಲ್ಲಿ ಎಷ್ಟು ಸಲ ಬಂದರೂ ಹಳಸದ ಪಂದ್ಯ ಒಂದಿದೆ. ಒಂದು ಮೂಲೆಯಲ್ಲಿ ಮಂಡಿಗೆ ಪಟ್ಟಿ ಸುತ್ತಿಕೊಂಡ ದೊಡ್ಡ ಹೆಸರು, ಎದುರು ಮೂಲೆಯಲ್ಲಿ ಆ ಹೆಸರನ್ನು ಕೇಳುತ್ತಲೇ ಬೆಳೆದ ಹುಡುಗ. ಅಲ್ಲಿಯವರು ಇದಕ್ಕೆ ‘ಸೆದಾಯ್ ತೋಸೋ’ ಅನ್ನುತ್ತಾರೆ, ತಲೆಮಾರುಗಳ ಕಾಳಗ ಅಂತ. 1987ರಲ್ಲಿ ನ್ಯೂ ಜಪಾನ್ ಕಂಪನಿ ಅಂತೋನಿಯೊ ಇನೋಕಿಯ ತಲೆಮಾರನ್ನು ಒಂದು ಕಡೆಗೂ ರಿಕಿ ಚೋಶು, ತಾತ್ಸುಮಿ ಫುಜಿನಾಮಿ, ಅಕಿರಾ ಮಾಯೆದಾ ಇವರನ್ನು ಇನ್ನೊಂದು ಕಡೆಗೂ ನಿಲ್ಲಿಸಿ ಇದನ್ನೇ ಬಹಿರಂಗ ಯುದ್ಧ ಮಾಡಿತ್ತು.

ಗೆಲ್ಲುವವರು ಯಾರು ಅನ್ನುವುದನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಹಾಗಾದರೆ ನೋಡುವುದೇನು ಎಂದು ಕೇಳುವವರಿಗೆ ತಾಳಮದ್ದಳೆಯನ್ನು ನೆನಪಿಸಬೇಕು. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೇ ಜನ ರಾತ್ರಿಯಿಡೀ ಕೂರುತ್ತಾರೆ. ಕರ್ಣನ ಅರ್ಥಧಾರಿ ಎದುರಿನವನಿಗೆ ಎಷ್ಟು ಬಿಟ್ಟುಕೊಟ್ಟ, ಎಲ್ಲಿ ಬಿಗಿಹಿಡಿದ ಅನ್ನುವುದೇ ಆಟ. ಇಲ್ಲೂ ಹಾಗೆಯೇ. ಹೊಸಬರು ಮಾಡುವ ಮೊದಲ ತಪ್ಪೆಂದರೆ ಹುಡುಗನನ್ನೇ ನೋಡುತ್ತಾ ಕೂರುವುದು. ಕಣ್ಣಿಡಬೇಕಾದದ್ದು ಹಿರಿಯನ ಮೇಲೆ. ಅವನು ಏನು ಕೊಡುತ್ತಾನೆ, ಯಾವ ನಿಮಿಷದಲ್ಲಿ ಕೊಡುತ್ತಾನೆ, ಏನನ್ನು ಕೊಡದೆ ಉಳಿಸಿಕೊಳ್ಳುತ್ತಾನೆ ಎಂಬ ಲೆಕ್ಕ ಹಿಡಿದರೆ ಪಂದ್ಯ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಗಂಟೆ ಹೊಡೆಯುವ ಮೊದಲು

ಕಾಲು ಗಂಟೆಯ ತಯಾರಿ ಸಾಕು. ಒಂದು ಹಾಳೆ ತೆಗೆದುಕೊಂಡು ಇಷ್ಟನ್ನು ಬರೆದಿಟ್ಟುಕೊಳ್ಳಿ.

ಇಬ್ಬರ ವಯಸ್ಸು, ಮತ್ತು ಇವರಿಬ್ಬರ ನಡುವೆ ಈ ಮೊದಲು ಏನಾಗಿದೆ ಎಂಬುದು. ಹುಡುಗ ಹಿಂದೆ ಸೋತಿದ್ದರೆ ಯಾವ ಪಟ್ಟಿಗೆ ಸೋತ ಎಂಬುದನ್ನೂ ಬರೆಯಿರಿ. ಅದೇ ಪಟ್ಟು ಈ ಸಲ ಖಂಡಿತ ಮತ್ತೆ ಬರುತ್ತದೆ, ಅವನು ಅದರಿಂದ ತಪ್ಪಿಸಿಕೊಳ್ಳುವುದೇ ಆ ಹೊತ್ತಿನ ಸುದ್ದಿಯಾಗುತ್ತದೆ.

ಇಬ್ಬರ ಕೊನೆಪಟ್ಟುಗಳು, ಅಂದರೆ ಪಂದ್ಯ ಮುಗಿಸುವ ಪಟ್ಟುಗಳು, ತಲಾ ಎರಡು. ಇಲ್ಲೊಂದು ಹೆಸರಿನ ಗೊಂದಲವಿದೆ. ಅಮೆರಿಕದ ಕುಸ್ತಿ ನೋಡಿ ಬೆಳೆದವರಿಗೆ ಬ್ಯಾಕ್ ಬಾಡಿ ಡ್ರಾಪ್ ಎಂದರೆ ಓಡಿ ಬಂದವನನ್ನು ಬೆನ್ನ ಮೇಲಿಂದ ಆಚೆ ಎಸೆಯುವುದು. ಜಪಾನಿನಲ್ಲಿ ‘ಬ್ಯಾಕ್‌ಡ್ರಾಪ್’ ಅಂದರೆ ಬೇರೆ: ಹಿಂದಿನಿಂದ ಸೊಂಟ ಹಿಡಿದೆತ್ತಿ, ತಾನೂ ಹಿಂದಕ್ಕೆ ಬಿದ್ದು, ಎದುರಾಳಿಯ ಬೆನ್ನು ಕತ್ತು ನೆಲಕ್ಕೆ ಬಡಿಯುವಂತೆ ಮಾಡುವ ಪಟ್ಟು. ಹೆಸರಿನ ಕೊನೆಗೆ ‘ಹೋಲ್ಡ್’ ಸೇರಿದರೆ ಎಸೆದವನು ಬಿಡದೆ ಸೇತುವೆಯಂತೆ ಬಾಗಿ ಅಲ್ಲೇ ಚಿತ್ ಹಿಡಿದಿದ್ದಾನೆ ಎಂದರ್ಥ.

ಸಮಯದ ಮಿತಿ. ದೊಡ್ಡ ಪ್ರಶಸ್ತಿ ಪಂದ್ಯಕ್ಕೆ 60 ನಿಮಿಷ. ನ್ಯೂ ಜಪಾನಿನ ವಾರ್ಷಿಕ ಟೂರ್ನಿ ಜಿ-1 ಕ್ಲೈಮ್ಯಾಕ್ಸ್‌ನ ಲೀಗ್ ಪಂದ್ಯಗಳಿಗೆ ಬಹುಕಾಲ 30 ನಿಮಿಷವಿತ್ತು, 2023ರಲ್ಲಿ 20ಕ್ಕೆ ಇಳಿಸಿದರು. ಪ್ರತಿ ಐದು ನಿಮಿಷಕ್ಕೊಮ್ಮೆ ಧ್ವನಿವರ್ಧಕದಲ್ಲಿ ‘ಗೋಫುನ್ ಕೇಕಾ, ಜಿಪ್ಪುನ್ ಕೇಕಾ’ ಎಂದು ಸಾರುತ್ತಾರೆ, ಐದು ನಿಮಿಷ ಕಳೆಯಿತು, ಹತ್ತು ನಿಮಿಷ ಕಳೆಯಿತು ಅಂತ. ಭಾಷೆ ಬಾರದಿದ್ದರೂ ಇವೆರಡು ಮಾತು ಕಿವಿಗೆ ಹತ್ತಿದರೆ ಗಡಿಯಾರ ಬೇಡ.

ಹಿಂದಿನ ವಾರಗಳ ಜೋಡಿ ಪಂದ್ಯಗಳು. ದೊಡ್ಡ ಪಂದ್ಯಕ್ಕೆ ಮುಂಚೆ ಇಬ್ಬರನ್ನೂ ಬೇರೆ ಬೇರೆ ಜೋಡಿಗಳಲ್ಲಿ ಎದುರುಬದುರು ನಿಲ್ಲಿಸುತ್ತಾರೆ. ಇದಕ್ಕೆ ‘ಝೆನ್‌ಶೋಸೆನ್’ ಎಂದು ಹೆಸರು. ಮುಖ್ಯ ಪಂದ್ಯದಲ್ಲಿ ಯಾವ ಅಂಗಕ್ಕೆ ಪೆಟ್ಟು ಬೀಳಲಿದೆ ಎಂಬುದು ಇಲ್ಲೇ ಬಯಲಾಗಿರುತ್ತದೆ. ಪೂರ್ತಿ ನೋಡುವ ವ್ಯವಧಾನವಿಲ್ಲದಿದ್ದರೆ ಕೊನೆಯ ಐದು ನಿಮಿಷ ನೋಡಿ.

ಹುಡುಗ ಯಾವ ಹಂತದಲ್ಲಿದ್ದಾನೆ ಎಂಬುದನ್ನು ಉಡುಪೇ ಹೇಳಿಬಿಡುತ್ತದೆ. ನ್ಯೂ ಜಪಾನಿನ ಎಳೆಯರಿಗೆ ‘ಯಂಗ್ ಲಯನ್’ ಅನ್ನುತ್ತಾರೆ: ಕಪ್ಪು ಚಡ್ಡಿ, ಕಪ್ಪು ಬೂಟು, ಬೇರೆ ಅಲಂಕಾರವಿಲ್ಲ. ಪಟ್ಟುಗಳೂ ಬೆರಳೆಣಿಕೆಯವು, ಗೆದ್ದರೆ ಹೆಚ್ಚಾಗಿ, ಎದುರಾಳಿಯ ಎರಡೂ ಕಾಲನ್ನು ಬೆನ್ನಿನತ್ತ ಬಗ್ಗಿಸುವ ಬೋಸ್ಟನ್ ಕ್ರ್ಯಾಬ್‌ನಿಂದಲೇ. ಟೋಕಿಯೊದ ಸೆತಗಾಯಾ ವಾರ್ಡಿನ ನೋಗೆಯಲ್ಲಿರುವ ದೋಜೋದಲ್ಲಿ, ಅಂದರೆ ತರಬೇತಿ ಮನೆಯಲ್ಲಿ, ಅಡುಗೆ, ಗುಡಿಸುವುದು, ಹಿರಿಯರ ಚಾಕರಿ ಎಲ್ಲ ಇವರದೇ. ಅಲ್ಲಿ ನೂರುಗಟ್ಟಲೆ ಹೊಡೆಯುವ ಬಸ್ಕಿಗೆ ಇವತ್ತಿಗೂ ‘ಹಿಂದೂ ಸ್ಕ್ವಾಟ್’ ಎಂದೇ ಹೆಸರು. ನಮ್ಮ ಗರಡಿಮನೆಯ ಸಾಮು ಆ ದೋಜೋಗೆ ಹೋಗಿ ಸೇರಿದ್ದು ಕಾರ್ಲ್ ಗಾಚ್ ಎಂಬ ಗುರುವಿನ ಕೈಯಿಂದ. ಹೀಗೆ ಪಳಗಿದ ಹುಡುಗನನ್ನು ಆಮೇಲೆ ಒಂದೆರಡು ವರ್ಷ ಪರದೇಶಕ್ಕೆ ಕಳಿಸುತ್ತಾರೆ. ಹೊಸ ಬಟ್ಟೆ, ಹೊಸ ಹೆಸರು, ಹೊಸ ಕೊನೆಪಟ್ಟಿನೊಂದಿಗೆ ಮರಳುತ್ತಾನೆ. ನಾವು ಹೇಳುತ್ತಿರುವ ಪಂದ್ಯ ಹೆಚ್ಚಾಗಿ ಹುಟ್ಟುವುದು ಈ ಮರಳುವಿಕೆಯ ಸುತ್ತಮುತ್ತ.

ಮೊದಲ ಐದು ನಿಮಿಷ

ಏನೂ ಆಗುತ್ತಿಲ್ಲ ಅನ್ನಿಸುವ ಹೊತ್ತು ಇದು. ಬೇಸರಪಟ್ಟು ಮುಂದಕ್ಕೆ ಓಡಿಸಿದರೆ ಮುಂದಿನ ಅರ್ಧ ಗಂಟೆ ಅರ್ಥವಾಗುವುದಿಲ್ಲ.

ಕೈಕತ್ತು ಹಿಡಿದು ತಳ್ಳಾಡುವಾಗ ಯಾರು ಹಗ್ಗದ ಕಡೆಗೆ ಹಿಂದೆ ಸರಿಯುತ್ತಾರೆ ನೋಡಿ. ಹಗ್ಗ ಮುಟ್ಟಿದರೆ ರೆಫರಿ ಐದು ಎಣಿಸುವುದರೊಳಗೆ ಬಿಡಬೇಕು. ಬಿಡುವ ರೀತಿಯಲ್ಲೇ ಇಬ್ಬರ ಸಂಬಂಧ ಇದೆ. ಹಿರಿಯ ಮೆಲ್ಲನೆ ಎದೆ ತಟ್ಟಿ ಬಿಟ್ಟರೆ ‘ನೀನಿನ್ನೂ ಮಗು’ ಅಂದಂತೆ. ಹುಡುಗ ಬಿಡುವ ಬದಲು ಕೆನ್ನೆಗೆ ಬಾರಿಸಿದರೆ ಸಭಾಂಗಣವೇ ‘ಓ’ ಎಂದು ಉಸಿರೆಳೆದುಕೊಳ್ಳುತ್ತದೆ, ಏಕೆಂದರೆ ಆ ದೇಶದಲ್ಲಿ ಸೆಂಪೈಗೆ (ಹಿರಿಯನಿಗೆ) ಕೋಹೈ (ಕಿರಿಯ) ಕೈ ಎತ್ತುವುದು ಚಿಕ್ಕ ಮಾತಲ್ಲ. ಆ ಏಟಿಗೆ ಹಿರಿಯನ ಮುಖ ಏನು ಮಾಡಿತು ಎಂಬುದನ್ನು ಹಾಳೆಯಲ್ಲಿ ಗುರುತು ಹಾಕಿ. ನಕ್ಕನೋ, ಕೆರಳಿದನೋ, ಕೆನ್ನೆ ಸವರಿಕೊಂಡು ಸುಮ್ಮನಾದನೋ? ಪಂದ್ಯದ ರಾಗ ಅಲ್ಲೇ ನಿಂತಿತು.

ಇನ್ನೊಂದು ಸಣ್ಣ ಲೆಕ್ಕ: ರಿಂಗಿನ ಹೊರಗೆ ಇರಲು ಜಪಾನಿನಲ್ಲಿ ಇಪ್ಪತ್ತರ ಎಣಿಕೆಯಿದೆ, ಅಮೆರಿಕದ ಹತ್ತಲ್ಲ. ಅನುಭವಿಗಳು ಈ ಇಪ್ಪತ್ತನ್ನು ಉಸಿರಾಡಲು ಬಳಸುತ್ತಾರೆ. ಹೊರಗೆ ಬಿದ್ದ ಹಿರಿಯ ಹದಿನೈದರ ತನಕ ಅವಸರ ಮಾಡದಿದ್ದರೆ ಸೋಮಾರಿತನವೆಂದು ಬಗೆಯಬೇಡಿ. ಹುಡುಗನ ಓಟಕ್ಕೆ ತಡೆ ಹಾಕುತ್ತಿದ್ದಾನೆ.

ಕಾಲೋ ಕತ್ತೋ

ಹತ್ತನೇ ನಿಮಿಷದ ಹೊತ್ತಿಗೆ ಇಬ್ಬರೂ ಒಂದೊಂದು ಅಂಗ ಆರಿಸಿಕೊಂಡಿರುತ್ತಾರೆ. ಹಿರಿಯ ಹಿರೋಶಿ ತಾನಾಹಾಶಿ ಮತ್ತು ಕಿರಿಯ ಕಾಝುಚಿಕಾ ಒಕಾದಾ ಇವರ ಪಂದ್ಯಗಳು ಇದನ್ನು ಕಲಿಯಲು ಒಳ್ಳೆಯ ಪಠ್ಯ. ತಾನಾಹಾಶಿ ಹೋಗುವುದು ಕಾಲಿಗೆ: ಹಿಡಿದ ಕಾಲನ್ನು ಉರುಳಿ ತಿರುಚುವ ಡ್ರ್ಯಾಗನ್ ಸ್ಕ್ರೂ, ಮಂಡಿಗೆ ಕೆಳಮಟ್ಟದ ಡ್ರಾಪ್‌ಕಿಕ್ (ನೆಗೆದು ಎರಡೂ ಪಾದದಿಂದ ಒದೆಯುವುದು), ಕಾಲುಗಳನ್ನು ಹೆಣೆದು ಬಗ್ಗಿಸುವ ಟೆಕ್ಸಸ್ ಕ್ಲೋವರ್‌ಲೀಫ್. ಒಕಾದಾನ ಎಲ್ಲ ಆಯುಧಗಳೂ ಕಾಲಿನ ಮೇಲೆ ನಿಂತಿವೆ. ಅವನ ಎತ್ತರದ ಡ್ರಾಪ್‌ಕಿಕ್‌ಗೆ ನೆಗೆತ ಬೇಕು. ರೈನ್‌ಮೇಕರ್‌ಗೆ, ಅಂದರೆ ಹಿಂದಿನಿಂದ ಮಣಿಕಟ್ಟು ಹಿಡಿದು, ಎದುರಾಳಿಯನ್ನು ಆಚೆ ತಿರುಗಿಸಿ ಮತ್ತೆ ಎಳೆದುಕೊಂಡು ಕತ್ತಿಗೆ ತೋಳು ಬೀಸುವ ಆ ಹೊಡೆತಕ್ಕೆ, ನೆಲದಲ್ಲಿ ಊರಿದ ಪಾದ ಬೇಕು. ಅದಲ್ಲದೆ ಮೇಲಿನ ಹಗ್ಗದಿಂದ ಹಾರಿ ಹೊಟ್ಟೆಯ ಮೇಲೆ ಬೀಳುವ ತಾನಾಹಾಶಿಯ ಹೈ ಫ್ಲೈ ಫ್ಲೋಗೆ ಎದುರಾಳಿ ನೆಲಕ್ಕೊರಗಿರಬೇಕು, ಕಾಲು ಮುರಿದವನೇ ಒರಗುವುದು. ಒಕಾದಾ ಹೋಗುವುದು ಕತ್ತಿಗೆ: ಮಂಡಿಯ ಮೇಲೆ ಕತ್ತು ಬಡಿಯುವುದು, ತಲೆಕೆಳಗಾಗಿ ಹಿಡಿದು ಮಂಡಿಯೂರುವ ಟೂಂಬ್‌ಸ್ಟೋನ್. ಕೊನೆಗೆ ತೋಳು ಬೀಸುವುದೂ ಅಲ್ಲಿಗೇ.

ಇಲ್ಲಿ ಪರೀಕ್ಷಿಸಬೇಕಾದ್ದು ಸೆಲ್ಲಿಂಗ್, ಅಂದರೆ ನೋವನ್ನು ತೋರಿಸುವ ಕಲೆ. ಎಂಟನೇ ನಿಮಿಷದಲ್ಲಿ ತಿರುಚಿದ ಮಂಡಿ ಇಪ್ಪತ್ತನೇ ನಿಮಿಷದಲ್ಲೂ ಕುಂಟಬೇಕು. ಹುಡುಗ ಡ್ರಾಪ್‌ಕಿಕ್ ಹೊಡೆದು ಬಿದ್ದ ಮೇಲೆ ಮಂಡಿ ಹಿಡಿದುಕೊಳ್ಳುತ್ತಾನಾ? ಹೊಡೆಯುವುದು ಸರಿ, ಹೊಡೆದ ಮೇಲೆ ತಕ್ಷಣ ಚಿತ್ ಹಿಡಿಯಲು ಹೋಗಲಾರದೆ ಮೂರು ಸೆಕೆಂಡ್ ಕಳೆದುಕೊಳ್ಳುತ್ತಾನಾ? ಆ ಮೂರು ಸೆಕೆಂಡೇ ಹಿರಿಯ ಸೋಲದಿರುವುದಕ್ಕೆ ಕಾರಣವಾಗಬೇಕು. ಮಂಡಿ ಮರೆತು ಕುಣಿದಾಡಿದರೆ ಹಿರಿಯನ ಹತ್ತು ನಿಮಿಷದ ದುಡಿಮೆ ನೀರಿಗೆ ಹಾಕಿದ ಹೋಮ.

ಏಟಿಗೆ ಏಟು

ಎಲ್ಬೋ, ಅಂದರೆ ಮೊಣಕೈ ಏಟಿನ ವಿನಿಮಯವಿಲ್ಲದ ಜಪಾನಿ ಪಂದ್ಯ ಅಪರೂಪ. ನಡು ರಿಂಗಿನಲ್ಲಿ ನಿಂತು ಒಬ್ಬ ಹೊಡೆಯುತ್ತಾನೆ, ಇನ್ನೊಬ್ಬ ಕೆನ್ನೆ ಒಡ್ಡುತ್ತಾನೆ, ಆಮೇಲೆ ಸರದಿ ಬದಲು. ತಪ್ಪಿಸಿಕೊಳ್ಳಬಾರದೇ ಎಂದು ಹೊಸಬರು ಕೇಳುತ್ತಾರೆ. ತಪ್ಪಿಸಿಕೊಂಡರೆ ಹೊಡೆತದಿಂದ ಪಾರು, ಮಾನದಿಂದ ಇಲ್ಲ. ನೋಡಬೇಕಾದದ್ದು ತೋಳಲ್ಲ, ಪಾದ. ಏಟು ತಿಂದವನು ಇದ್ದಲ್ಲೇ ಇದ್ದಾನಾ, ಅರ್ಧ ಹೆಜ್ಜೆ ಸರಿದನಾ, ಮಂಡಿಯೂರಿದನಾ? ಒಳ್ಳೆಯ ವಿನಿಮಯದಲ್ಲಿ ಹುಡುಗ ಮೊದಲು ಎರಡು ಹೆಜ್ಜೆ ಸರಿಯುತ್ತಾನೆ, ಆಮೇಲೆ ಒಂದು, ಆಮೇಲೆ ಸರಿಯುವುದೇ ಇಲ್ಲ. ಹಿರಿಯನದು ಇದಕ್ಕೆ ತಿರುಗುಮುರುಗು. ಹಿರಿಯ ಮೊದಲ ಸಲ ಅರ್ಧ ಹೆಜ್ಜೆ ಹಿಂದಿಡುವ ಕ್ಷಣ ಪ್ರೇಕ್ಷಕರ ಧ್ವನಿ ಬದಲಾಗುತ್ತದೆ, ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ.

ಮುಷ್ಟಿ ಕಟ್ಟಿ ಹೊಡೆಯುವುದು ನಿಯಮಕ್ಕೆ ವಿರುದ್ಧ. ಆದರೂ ಗೆನಿಚಿರೊ ತೆನ್‌ರ‍್ಯೂನ ‘ಗೂ ಪಂಚ್’ ಅವನ ಗುರುತೇ ಆಗಿತ್ತು. ಕಲ್ಲು, ಕತ್ತರಿ, ಕಾಗದದ ಕೈಯಾಟದಲ್ಲಿ ಕಲ್ಲಿಗೆ ಜಪಾನಿ ಮಕ್ಕಳು ‘ಗೂ’ ಅನ್ನುತ್ತಾರೆ, ಅದೇ ಮುಷ್ಟಿ. ಹಿರಿಯ ನಿಯಮ ಮುರಿಯಲು ಶುರುಮಾಡಿದ ಎಂದರೆ ಬೇರೆ ದಾರಿ ಮುಗಿಯುತ್ತಿದೆ ಎಂದು ತಿಳಿಯಿರಿ.

ಎರಡೂಮುಕ್ಕಾಲರ ಲೆಕ್ಕ

ಹಾಳೆಯ ಕೆಳಭಾಗದಲ್ಲಿ ಎರಡು ಕಂಬ ಎಳೆಯಿರಿ. ಭುಜ ನೆಲಕ್ಕೊತ್ತಿ ಚಿತ್ ಹಿಡಿದಾಗ ರೆಫರಿ ಮೂರು ಎಣಿಸಿದರೆ ಪಂದ್ಯ ಮುಗಿಯಿತು. ಯಾರು ಯಾವ ಪಟ್ಟಿನಿಂದ, ಎಷ್ಟನೇ ಎಣಿಕೆಗೆ ಭುಜ ಎತ್ತಿದರು ಎಂದು ಬರೆಯುತ್ತಾ ಹೋಗಿ. ಒಂದಕ್ಕೇ ಎತ್ತಿದರೆ ಹಮ್ಮು, ಎರಡಕ್ಕೆ ಎತ್ತಿದರೆ ಸಾಮಾನ್ಯ; ಮೂರಕ್ಕೆ ಕೂದಲೆಳೆಯಷ್ಟು ಮುಂಚೆ ಎತ್ತಿದರೆ ವೀಕ್ಷಕ ವಿವರಣೆಗಾರ ‘ಕಾಯೆಶಿತಾ!’ ಎಂದು ಕಿರುಚುತ್ತಾನೆ, ತಿರುಗಿಸಿಬಿಟ್ಟ ಅಂತ. ಈ ಕೊನೆಯ ಬಗೆಯವು ಹುಡುಗನ ಕಂಬದಲ್ಲಿ ನಾಲ್ಕೈದು ಇದ್ದರೂ ಸರಿ. ಹಿರಿಯನ ಕಂಬದಲ್ಲಿ ಎರಡು ಮೂರಕ್ಕಿಂತ ಹೆಚ್ಚಾದರೆ ಏನೋ ಎಡವಟ್ಟು: ಅವನು ಹುಡುಗನ ಕೊನೆಪಟ್ಟನ್ನೇ ಸವೆಸುತ್ತಿದ್ದಾನೆ. ಹೊಸಬನ ಹೊಸ ಅಸ್ತ್ರ ಮೊದಲ ದೊಡ್ಡ ರಾತ್ರಿ ಒಂದೇ ಹೊಡೆತಕ್ಕೆ ಕೆಲಸ ಮಾಡಬೇಕು. ಭುಜ ಎತ್ತಿಸುವುದು ಮುಂದಿನ ವರ್ಷಗಳ ಪಂದ್ಯಕ್ಕೆ ಇಟ್ಟುಕೊಳ್ಳುವ ಬಂಡವಾಳ. ರೈನ್‌ಮೇಕರ್‌ನಿಂದ ತಾನಾಹಾಶಿ ಭುಜ ಎತ್ತಿದಾಗ 2016ರ ಜನವರಿ 4ರ ಟೋಕಿಯೊ ಡೋಮ್ ಹಾಗೆ ಗದ್ದಲವಾದದ್ದು ನಾಲ್ಕು ವರ್ಷ ಆ ಪಟ್ಟಿಗೆ ಕಟ್ಟಿಟ್ಟ ಬೆಲೆಯಿಂದ.

ಮುಕ್ತಾಯ: ಯಾರು ಹೇಗೆ ಮಲಗಿದರು

ಇಲ್ಲಿ ನಿಧಾನವಾಗಿ ನಿಲ್ಲಬೇಕು. ಹುಡುಗ ಗೆದ್ದ ಎನ್ನುವುದು ಸುದ್ದಿ ಮಾತ್ರ. ಹೇಗೆ ಗೆದ್ದ ಎಂಬುದರಲ್ಲಿ ಮುಂದಿನ ಎರಡು ವರ್ಷದ ಕಥೆ ಅಡಗಿರುತ್ತದೆ.

1990ರ ಜೂನ್ 8, ನಿಪ್ಪೊನ್ ಬುದೋಕಾನ್, ಆಲ್ ಜಪಾನ್ ಕಂಪನಿ. ಜಂಬೊ ತ್ಸುರುತಾಗೆ 39, ಮಿತ್ಸುಹಾರು ಮಿಸಾವಾಗೆ 27. ಆ ವಸಂತದಲ್ಲಿ ತೆನ್‌ರ‍್ಯೂ ಕಂಪನಿ ಬಿಟ್ಟು ಹೋಗಿದ್ದ, ತ್ಸುರುತಾಗೆ ಸರಿಸಾಟಿಯೇ ಉಳಿದಿರಲಿಲ್ಲ. ಆವರೆಗೆ ಮುಖವಾಡ ಹಾಕಿ ಆಡುತ್ತಿದ್ದ ಮಿಸಾವಾ ಮೇ 14ರಂದು ಪಂದ್ಯದ ನಡುವೆಯೇ ಟೈಗರ್ ಮಾಸ್ಕ್‌ನ ಮುಖವಾಡ ಬಿಚ್ಚಿಸಿಕೊಂಡು ಎಸೆದ. ಅಲ್ಲಿಂದ 25 ದಿನಕ್ಕೆ ಈ ಪಂದ್ಯ. 24 ನಿಮಿಷ ಮೀರಿದ ಮೇಲೆ ಮಿಸಾವಾ ಗೆದ್ದದ್ದು ಭಾರೀ ಪಟ್ಟಿನಿಂದಲ್ಲ, ಎಳೆದಾಟದಲ್ಲಿ ಮಗುಚಿ ಒತ್ತಿ ಹಿಡಿದು. ಇದನ್ನು ಜಾರಿದ ಗೆಲುವು ಎನ್ನೋಣ. ಹುಡುಗನಿಗೆ ಗೆಲುವು ಸಿಕ್ಕಿತು, ತ್ಸುರುತಾ ಮುರಿಯಲಿಲ್ಲ, ಹಾಗಾಗಿ ಮರುಪಂದ್ಯಕ್ಕೆ ಬೆಲೆ ಉಳಿಯಿತು. ಸೆಪ್ಟೆಂಬರ್ 1ರಂದು ತ್ಸುರುತಾನೇ ಗೆದ್ದ. ಇಲ್ಲಿ ಪೆಚ್ಚಾಗುವ ನೋಡುಗರು ಬಹಳ. ಆದರೆ ಕಟ್ಟಡದ ಎರಡನೇ ಮಹಡಿ ಎದ್ದದ್ದೇ ಆ ಸೋಲಿನ ಮೇಲೆ. 1991ರ ಸೆಪ್ಟೆಂಬರ್ 4ರ ಜೋಡಿ ಪ್ರಶಸ್ತಿ ಪಂದ್ಯದಲ್ಲಿ ಮಿಸಾವಾ ಮುಖ ಬಿಗಿಹಿಡಿಯುವ ಫೇಸ್‌ಲಾಕ್ ಹಾಕಿ ತ್ಸುರುತಾನಿಂದ ಸೋಲೊಪ್ಪಿಸಿದ. ಆಲ್ ಜಪಾನಿನ ಅತಿ ದೊಡ್ಡ ಪಟ್ಟವಾದ ತ್ರಿವಳಿ ಕಿರೀಟ ಕೈಗೆ ಬಂದದ್ದು ಇನ್ನೂ ತಡವಾಗಿ, 1992ರ ಆಗಸ್ಟ್ 22ರಂದು, ಸ್ಟ್ಯಾನ್ ಹ್ಯಾನ್ಸೆನ್ ವಿರುದ್ಧ. ಮೊದಲ ಗೆಲುವಿಗೂ ಕಿರೀಟಕ್ಕೂ ಎರಡು ವರ್ಷಕ್ಕೂ ಮಿಕ್ಕಿದ ಅಂತರ. ಆ ಅಂತರವೇ ಮಿಸಾವಾನನ್ನು ಮಿಸಾವಾ ಮಾಡಿತು ಎಂದರೆ ಉತ್ಪ್ರೇಕ್ಷೆಯಲ್ಲ.

2012ರ ಫೆಬ್ರವರಿ 12, ಒಸಾಕಾ. ಇದು ಉಲ್ಟಾ ದಾರಿ. ತಾನಾಹಾಶಿಗೆ 35, ನ್ಯೂ ಜಪಾನಿನ ಆಗಿನ ಅತಿ ದೊಡ್ಡ ಪಟ್ಟವಾದ ಐಡಬ್ಲ್ಯುಜಿಪಿಯನ್ನು 11 ಸಲ ಉಳಿಸಿಕೊಂಡು ಆವರೆಗಿನ ದಾಖಲೆ ಬರೆದಿದ್ದ. ಒಕಾದಾಗೆ 24. ಅಮೆರಿಕದಿಂದ ಮರಳಿ ಜನವರಿ 4ರಂದು ಆಡಿದ ಪಂದ್ಯ ಐದು ನಿಮಿಷವೂ ನಡೆಯಲಿಲ್ಲ, ನೋಡಿದವರು ಮೂಗು ಮುರಿದರು. ಅದೇ ರಾತ್ರಿ ಬಂದು ತಾನಾಹಾಶಿಗೆ ಸವಾಲು ಹಾಕಿದಾಗ ಕೂಗಿ ಅಣಕಿಸಿದರು. 39 ದಿನದ ನಂತರ ಅವನೇ ರೈನ್‌ಮೇಕರ್ ಬೀಸಿ ಅನುಮಾನಕ್ಕೆಡೆಯಿಲ್ಲದ ಗೆಲುವು ಪಡೆದ, 404 ದಿನದ ಆಳ್ವಿಕೆ ಮುಗಿಯಿತು. ಇದು ಅಪಾಯದ ಜೂಜು. ಗೆದ್ದದ್ದು ತಾನಾಹಾಶಿಯ ಕೆಲಸದಿಂದ: ಪಂದ್ಯದುದ್ದಕ್ಕೂ ಅವನು ಒಕಾದಾನ ಪ್ರತಿ ಏಟಿಗೂ ತೂಕ ಕೊಟ್ಟ. ಮುಂದೆ ಜೂನ್ 16ರಂದು ಪಟ್ಟವನ್ನು ಹಿಂದಕ್ಕೆ ಪಡೆದ, ಒಕಾದಾ ಆ ವರ್ಷದ ಜಿ-1 ಗೆದ್ದ, ಇಬ್ಬರೂ ವರ್ಷಗಟ್ಟಲೆ ಒಬ್ಬರನ್ನೊಬ್ಬರು ಏರಿಸುತ್ತಾ ಹೋದರು.

ಮೂರನೆಯದು ಸಮಬಲ. 1988ರ ಆಗಸ್ಟ್ 8, ಯೊಕೊಹಾಮಾ. ಚಾಂಪಿಯನ್ ಫುಜಿನಾಮಿಗೆ ಸವಾಲು ಹಾಕಿದವನು ಗುರು ಇನೋಕಿಯೇ. 60 ನಿಮಿಷ ಮುಗಿದರೂ ಇತ್ಯರ್ಥವಿಲ್ಲ. ಇನೋಕಿ ತಾನೇ ಪಟ್ಟವನ್ನು ಫುಜಿನಾಮಿಯ ಸೊಂಟಕ್ಕೆ ಕಟ್ಟಿದ. ಸೋಲದೆಯೇ ಒಪ್ಪಿಸಿಬಿಡುವ ಈ ದಾರಿ ಚತುರವಾದದ್ದು, ಕೊಂಚ ಜಿಪುಣತನದ್ದೂ ಹೌದು.

ಕೊನೆಯ ಗಂಟೆ ಹೊಡೆದ ನಂತರ ಕನಿಷ್ಠ ಐದು ನಿಮಿಷ ಪರದೆ ಆರಿಸಬೇಡಿ. ಸೋತ ಹಿರಿಯ ಎದ್ದು ಹೋಗುವ ದಾರಿ, ಕೈ ಕುಲುಕಿದನೋ ಇಲ್ಲವೋ, ಯಾರ ಹೆಗಲ ಮೇಲೆ ಒರಗಿ ಹೋದ, ಎಲ್ಲವೂ ಪಂದ್ಯದೊಳಗಿನವೇ. ಕೈ ಕುಲುಕದೆ ಹೋದರೆ ಮರುಪಂದ್ಯ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಎಲ್ಲಿ ಕೆಡುತ್ತದೆ

ಹೆಚ್ಚಾಗಿ ಕೆಡುವುದು ಹಿರಿಯ ಕೊಡದಿದ್ದಾಗ. ಮುಕ್ಕಾಲು ಪಂದ್ಯ ತಾನೇ ಹೊಡೆದು, ಕೊನೆಯ ಅರ್ಧ ನಿಮಿಷದಲ್ಲಿ ಹುಡುಗನ ಒಂದು ಪಟ್ಟಿಗೆ ಮಲಗಿದರೆ ದಾಖಲೆ ಪುಸ್ತಕದಲ್ಲಿ ಹುಡುಗ ಗೆದ್ದಿರುತ್ತಾನೆ, ನೋಡಿದವರ ತಲೆಯಲ್ಲಿ ಸೋತಿರುತ್ತಾನೆ. ಇದಕ್ಕೆ ಎದುರಾದ ತಪ್ಪೂ ಇದೆ: ಹಿರಿಯ ಮೊದಲಿನಿಂದಲೇ ಮುದುಕನಂತೆ ತೆವಳಿದರೆ ಹುಡುಗ ಗೆದ್ದದ್ದು ಯಾರನ್ನು? ಹಳೆಯ ಹುಲಿ ಒಮ್ಮೆಯಾದರೂ ಗರ್ಜಿಸಬೇಕು, ನಡುವಿನಲ್ಲಿ ಒಂದೆರಡು ನಿಮಿಷ ‘ಇವತ್ತೂ ಇವನೇ ಗೆಲ್ಲುತ್ತಾನೇನೋ’ ಅನ್ನಿಸಬೇಕು.

ಉದ್ದವೂ ಕೆಡಿಸುತ್ತದೆ. 35 ನಿಮಿಷ ಆಡಿದರೆ ದೊಡ್ಡ ಪಂದ್ಯ ಎಂಬ ಭ್ರಮೆ ಇತ್ತೀಚೆಗೆ ಬೆಳೆದಿದೆ. ಎಳೆಯನ ಬಳಿ ಇಪ್ಪತ್ತು ನಿಮಿಷಕ್ಕಾಗುವಷ್ಟೇ ಸರಕಿದ್ದರೆ ಉಳಿದದ್ದು ಬರೀ ನೀರು ಬೆರೆಸಿದ ಸಾರು.

ಇನ್ನು ತಲೆ, ಕತ್ತು. ವರ್ಷಗಟ್ಟಲೆ ಕತ್ತಿನ ಮೇಲೆ ಬಿದ್ದವರ ದೇಹ ಇಪ್ಪತ್ತೈದರ ಹುಡುಗ ಎಸೆದಂತೆಲ್ಲ ಬೀಳಲಾರದು. 2009ರ ಜೂನ್ 13ರಂದು ಹಿರೋಶಿಮಾದಲ್ಲಿ ಮಿಸಾವಾ ಒಂದು ಬ್ಯಾಕ್‌ಡ್ರಾಪ್ ತಿಂದ ಮೇಲೆ ಏಳಲಿಲ್ಲ, ಆ ರಾತ್ರಿಯೇ ತೀರಿಕೊಂಡ. 46 ವರ್ಷ. ಆದ್ದರಿಂದ ಹಿರಿಯ ತಲೆಯ ಮೇಲೆ ಬೀಳದೆ ಬೆನ್ನು ಚಪ್ಪಟೆ ಮಾಡಿ ಬಿದ್ದರೆ, ‘ಮೊದಲಿನಂತೆ ಇಲ್ಲ’ ಎಂದು ಗೊಣಗುವುದು ನೋಡುಗನ ತಪ್ಪು, ಆಟಗಾರನದಲ್ಲ.

ವಯಸ್ಸನ್ನು ಮುಚ್ಚದೆಯೇ ಪಂದ್ಯ ಕಟ್ಟಬಹುದು ಎನ್ನುವುದಕ್ಕೆ 2015ರ ನವೆಂಬರ್ 15ರ ರ‍್ಯೋಗೊಕು ಕೊಕುಗಿಕಾನ್ ನೋಡಿ. 65ರ ತೆನ್‌ರ‍್ಯೂನ ನಿವೃತ್ತಿ ಪಂದ್ಯ, ಎದುರಿಗೆ 28ರ ಒಕಾದಾ. ತೆನ್‌ರ‍್ಯೂಗೆ ನಿಲ್ಲುವುದೇ ಕಷ್ಟ. ಎತ್ತಲು ಹೋಗಿ ತಾನೇ ಕುಸಿಯುತ್ತಾನೆ, ಆ ಕುಸಿತವೇ ಕಥೆ. ಒಕಾದಾ ಕರುಣೆ ತೋರಿಸದೆ ಕೂತವನ ಮುಖಕ್ಕೇ ಡ್ರಾಪ್‌ಕಿಕ್ ಹೊಡೆದ. ರೈನ್‌ಮೇಕರ್‌ನಿಂದ ಮುಗಿಸಿ ಆಳವಾಗಿ ತಲೆಬಾಗಿ ಹೋದ. ತೋಕಿಯೊ ಸ್ಪೋರ್ಟ್ಸ್ ಪತ್ರಿಕೆಯ ಆ ವರ್ಷದ ಶ್ರೇಷ್ಠ ಪಂದ್ಯ ಪ್ರಶಸ್ತಿ ಇದಕ್ಕೇ ಬಂತು, ಪಟ್ಟುಗಳ ಎಣಿಕೆಯಲ್ಲಿ ಇದಕ್ಕಿಂತ ಬಡ ಪಂದ್ಯ ಸಿಗಲಾರದು.

ಯಾವುದರಿಂದ ಶುರು

2012ರ ಒಸಾಕಾ ಮೊದಲು ನೋಡಿ, ಚಿತ್ರ ಸ್ವಚ್ಛ, ಕಥೆ ನೇರ. ಅದಾದ ಮೇಲೆ 2015 ಮತ್ತು 2016ರ ಜನವರಿ 4ರ ಎರಡು ಡೋಮ್ ಪಂದ್ಯಗಳು: ಮೊದಲನೆಯದರಲ್ಲಿ ಸೋತು ಅಳುತ್ತಾ ಹೋಗುವ ಒಕಾದಾ, ಮರುವರ್ಷ ಗೆಲ್ಲುವ ಒಕಾದಾ. ಆಮೇಲೆ 1990ರ ಬುದೋಕಾನ್. ಹೊಸ ಕಾಲದ್ದು ಬೇಕಿದ್ದರೆ 2018ರ ಡಿಸೆಂಬರ್ 16ರಂದು ನೋವಾ ಕಂಪನಿಯಲ್ಲಿ 22ರ ಕಾಯ್ತೊ ಕಿಯೊಮಿಯಾ 48ರ ತಾಕಾಶಿ ಸುಗಿಉರಾನಿಂದ ಪಟ್ಟ ಕಸಿದದ್ದು. ನ್ಯೂ ಜಪಾನಿನ ಪಂದ್ಯಗಳಿಗೆ ನ್ಯೂ ಜಪಾನ್ ವರ್ಲ್ಡ್, ನೋವಾದವಕ್ಕೆ ರೆಸಲ್ ಯೂನಿವರ್ಸ್ ಎಂಬ ಚಂದಾ ತಾಣಗಳಿವೆ. ನೇರಪ್ರಸಾರ ನೋಡುವವರು ಜಪಾನಿನ ಸಮಯದಿಂದ ಮೂರೂವರೆ ಗಂಟೆ ಕಳೆಯಬೇಕು: ಟೋಕಿಯೊದ ಸಂಜೆ 5 ನಮ್ಮ ಮಧ್ಯಾಹ್ನ 1.30.

ಪ್ರತಿ ಪಂದ್ಯವನ್ನೂ ಎರಡು ಸಲ ನೋಡಿ. ಮೊದಲ ಸಲ ಹಾಳೆ ಪೆನ್ನು ದೂರವಿಟ್ಟು, ಧ್ವನಿ ಜೋರಾಗಿಟ್ಟು. ಎರಡನೇ ಸಲ ಧ್ವನಿ ಪೂರ್ತಿ ಆರಿಸಿ, ಹಿರಿಯನ ಪಾದ ಬಿಟ್ಟು ಬೇರೆಲ್ಲೂ ನೋಡದೆ. ಅರ್ಧ ಹೆಜ್ಜೆ ಹಿಂದೆ ಸರಿದ ಆ ನಿಮಿಷವನ್ನು ಹಾಳೆಯ ಮೇಲ್ತುದಿಯಲ್ಲಿ ಬರೆಯಿರಿ.